ಎಲೆ ಮಾತ್ರ ಬಿಡುತ್ತಿದ್ದ ಪೀಸ್ ಲಿಲಿ ಮತ್ತೆ ಹೂ ಬಿಟ್ಟಿದ್ದು ಹೇಗೆ: ನನ್ನ ಅನುಭವ

ಪೀಸ್ ಲಿಲಿ ಸಾಕಿದವರ ದೂರು ಹೆಚ್ಚುಕಮ್ಮಿ ಒಂದೇ. ನರ್ಸರಿಯಿಂದ ತಂದಾಗ ಗಿಡದ ತುಂಬ ಬಿಳಿ ಹೂ ಇತ್ತು. ಅವು ಒಣಗಿದವು. ಆಮೇಲೆ ಬರೀ ಎಲೆ. ಎಲೆಗೇನೂ ಕೊರತೆಯಿಲ್ಲ, ಕಡು ಹಸಿರಾಗಿ ಮಿರಮಿರ ಮಿಂಚುತ್ತವೆ. ಹೂ ಮಾತ್ರ ಇಲ್ಲ. ನನ್ನ ಗಿಡವೂ ವರ್ಷಗಟ್ಟಲೆ ಹಾಗೇ ಇತ್ತು. ಈಗ ಪ್ರತಿ ವರ್ಷ ತಪ್ಪದೆ ಹೂ ಬಿಡುತ್ತದೆ, ಒಮ್ಮೊಮ್ಮೆ ವರ್ಷಕ್ಕೆ ಎರಡು ಸಲ. ಅದಕ್ಕೆ ನಾನು ಮಾಡಿದ ಉಪಾಯಗಳಲ್ಲಿ ಮುಕ್ಕಾಲು ಪಾಲು ಒಂದೇ ಒಂದು ವಿಷಯಕ್ಕೆ ಸಂಬಂಧಿಸಿದ್ದು: ಬೆಳಕು. ಉಳಿದದ್ದೆಲ್ಲ ಅದರ ಹಿಂದೆ ಬರುವಂಥದ್ದು.

ಮೊದಲು ನರ್ಸರಿ ಹೂವಿನ ಗುಟ್ಟು ಹೇಳಿಬಿಡುತ್ತೇನೆ. ಅದು ಗೊತ್ತಾದ ಮೇಲೆ ಅರ್ಧ ಬೇಜಾರು ಹೋಗುತ್ತದೆ. ಮಾರಾಟಕ್ಕೆ ಬೆಳೆಸುವ ಪೀಸ್ ಲಿಲಿ ಗಿಡಗಳಿಗೆ ಗಿಬ್ಬರೆಲಿಕ್ ಆಮ್ಲ ಸಿಂಪಡಿಸುವುದು ಬೆಳೆಗಾರರಲ್ಲಿ ಹಳೆಯ ರೂಢಿ. ಇದು ಗಿಡಗಳೊಳಗೇ ಇರುವ ಒಂದು ಹಾರ್ಮೋನು. ಮೊದಲು ಸುಳಿವು ಸಿಕ್ಕಿದ್ದು ಭತ್ತದ ಗದ್ದೆಯಲ್ಲಿ. ಒಂದು ಶಿಲೀಂಧ್ರ ತಗುಲಿದ ಭತ್ತದ ಸಸಿಗಳು ಬಿರಬಿರನೆ ಉದ್ದ ಬೆಳೆದು ಬಿದ್ದುಹೋಗುತ್ತಿದ್ದವು. ಆ ಶಿಲೀಂಧ್ರ ಬಿಡುವ ವಸ್ತುವೇ ಇದಕ್ಕೆ ಕಾರಣ ಅಂತ 1926ರಲ್ಲಿ ಜಪಾನಿನ ವಿಜ್ಞಾನಿ ಕುರೊಸಾವಾ ತೋರಿಸಿದರು. ಅದೇ ವಸ್ತುವನ್ನು ಲೀಟರಿಗೆ 250 ಮಿಲಿಗ್ರಾಂ ಲೆಕ್ಕದಲ್ಲಿ ಪೀಸ್ ಲಿಲಿಗೆ ಒಂದು ಸಲ ಸಿಂಪಡಿಸಿದರೆ, ಸುಮಾರು ಮೂರು ತಿಂಗಳೊಳಗೆ ಹೂ ಬರುತ್ತದೆ. ಕಾಲ ಯಾವುದೇ ಇರಲಿ.

ಅಂದರೆ ನಾವು ತಂದ ಗಿಡ ಹೂ ಬಿಟ್ಟದ್ದು ತನ್ನ ಇಷ್ಟಕ್ಕೆ ಅಲ್ಲದೇ ಇರಬಹುದು. ಮದ್ದಿನ ಪ್ರಭಾವ ಮುಗಿದ ಮೇಲೆ ಅದು ತನ್ನ ಪಾಡಿಗೆ ಬೆಳೆಯೋಕೆ ಶುರು ಮಾಡುತ್ತದೆ. ನಾವು ಏನೋ ಕೆಡಿಸಿದೆವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗೇನಿಲ್ಲ. ಮನೆಯಲ್ಲಿ ಅದು ತಾನಾಗಿ ಹೂ ಬಿಡಬೇಕಾದರೆ ಬಲಿಯಬೇಕು, ಕೈಯಲ್ಲಿ ಒಂದಷ್ಟು ಉಳಿತಾಯವೂ ಇರಬೇಕು. ಆ ಉಳಿತಾಯ ಬರುವುದು ಬೆಳಕಿನಿಂದ.

ಇಲ್ಲೇ ದೊಡ್ಡ ಗೊಂದಲ ಇರುವುದು. ಪೀಸ್ ಲಿಲಿ ನೆರಳಿನ ಗಿಡ, ಕತ್ತಲೆ ಮೂಲೆಯಲ್ಲೂ ಬದುಕುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಬದುಕುತ್ತದೆ, ನಿಜ. ಹೂ ಬಿಡುತ್ತದೆ ಅಂತ ಯಾರೂ ಹೇಳಿಲ್ಲ. ಈ ಜಾತಿಯ ಗಿಡಗಳು ಹೆಚ್ಚಾಗಿ ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನವು. ಮರಗಳ ಕೆಳಗೆ, ತೊರೆಗಳ ಅಂಚಿನಲ್ಲಿ ಬೆಳೆಯುತ್ತವೆ. ದಟ್ಟ ಕಾಡಿನ ನೆಲಕ್ಕೆ ಮೇಲಿನ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ಇಳಿಯುತ್ತದೆ. ತುಂಬಾ ಕಡಿಮೆ ಅನ್ನಿಸುತ್ತದೆ. ಆದರೆ ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಬಯಲಿನ ಬಿಸಿಲು ಲಕ್ಷದ ಹತ್ತಿರ ಇರುತ್ತದೆ. ಅದರ ಒಂದೆರಡು ಪಾಲು ಅಂದರೂ ಸಾವಿರ, ಎರಡು ಸಾವಿರ ಲಕ್ಸ್ ಆಯಿತು. ಎಲೆ ಸಂದಿಯಿಂದ ಆಗಾಗ ಬೀಳುವ ಬಿಸಿಲಿನ ಚೂರು ಬೇರೆ.

ನನ್ನ ಗಿಡ ಇದ್ದದ್ದು ಸೋಫಾ ಪಕ್ಕದ ಮೂಲೆಯಲ್ಲಿ. ಕಣ್ಣಿಗೆ ಆ ಜಾಗ ಬೆಳಕಾಗೇ ಕಾಣುತ್ತಿತ್ತು, ಪುಸ್ತಕ ಓದಬಹುದಿತ್ತು. ಒಂದು ದಿನ ಫೋನಿನಲ್ಲಿ ಲಕ್ಸ್ ಮೀಟರ್ ಆಪ್ ಹಾಕಿಕೊಂಡು ಎಲೆಯ ಎತ್ತರಕ್ಕೆ ಹಿಡಿದು ನೋಡಿದೆ. ನಡುಹಗಲಲ್ಲಿ 150 ಲಕ್ಸ್ ಸುತ್ತಮುತ್ತ. ಕಾಡಿನ ಕತ್ತಲೆಯ ಹತ್ತನೇ ಒಂದು ಪಾಲಿನ ಆಸುಪಾಸು ಅಷ್ಟೇ! ಅದೇ ಫೋನನ್ನು ಕಿಟಕಿ ಕಡೆ ಒಯ್ಯುತ್ತಾ ಹೋದರೆ ಅಂಕಿ ಏರುತ್ತಲೇ ಹೋಯಿತು. ಕಿಟಕಿಯಿಂದ ಒಂದೆರಡು ಮಾರು ದೂರದಲ್ಲಿ ಐನೂರರ ಹತ್ತಿರ, ಗಾಜಿನ ಪಕ್ಕಕ್ಕೆ ಬಂದಾಗ ಐದು ಸಾವಿರ ದಾಟಿತು. ಫೋನಿನ ಅಂಕಿ ತೀರಾ ನಿಖರ ಅಲ್ಲ, ಒಂದು ಫೋನಿಗೂ ಇನ್ನೊಂದಕ್ಕೂ ವ್ಯತ್ಯಾಸ ಬರುತ್ತದೆ. ಆದರೆ ಮೂಲೆಗೂ ಕಿಟಕಿಗೂ ಎಷ್ಟು ಪಟ್ಟು ಅಂತರ ಅನ್ನೋದು ಸ್ಪಷ್ಟವಾಗಿ ತಿಳಿಯುತ್ತದೆ. ನಮ್ಮ ಕಣ್ಣು ಕಡಿಮೆ ಬೆಳಕಿಗೆ ಹೊಂದಿಕೊಂಡುಬಿಡುತ್ತದೆ. ಎಲೆಗೆ ಆ ಸೌಲಭ್ಯ ಇಲ್ಲ. ವ್ಯಾಪಾರಕ್ಕೆ ಬೆಳೆಸುವವರು ಇದೇ ಗಿಡಕ್ಕೆ ನೆರಳು ಬಲೆಯ ಕೆಳಗೆ 15,000ದಿಂದ 25,000 ಲಕ್ಸ್ ತನಕ ಕೊಡುತ್ತಾರೆ ಅಂದಮೇಲೆ ಸೋಫಾ ಮೂಲೆಯಿಂದ ಏನು ತಾನೇ ನಿರೀಕ್ಷೆ ಮಾಡೋದು?

ಹಾಗಾಗಿ ಕುಂಡವನ್ನು ಕಿಟಕಿ ಪಕ್ಕಕ್ಕೆ ಎತ್ತಿಟ್ಟೆ. ಒಂದೇ ಸಲಕ್ಕಲ್ಲ. ಮೂಲೆಯಲ್ಲಿ ಬೆಳೆದ ಎಲೆ ತೆಳ್ಳಗಿರುತ್ತದೆ, ಜೋರು ಬೆಳಕನ್ನು ತಡೆಯೋದಿಲ್ಲ. ವಾರಕ್ಕೊಂದಿಷ್ಟು ಮುಂದೆ ಸರಿಸುತ್ತಾ ಬಂದೆ. ಬೆಳಗಿನ ಎಳೆ ಬಿಸಿಲು ಸ್ವಲ್ಪ ಹೊತ್ತು ಬಿದ್ದರೆ ತೊಂದರೆಯಿಲ್ಲ. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಎಲೆಯ ನಡುವೆ ಬಿಳುಚಿದ ಮಚ್ಚೆ ಬಂದು, ಆಮೇಲೆ ಕಂದಾಗಿ ಕಾಗದದ ಹಾಗೆ ಒಣಗುತ್ತದೆ. ಆ ಹೊತ್ತಿಗೆ ತೆಳು ಪರದೆ ಎಳೆದುಬಿಟ್ಟರೆ ಸಾಕು. ಪರದೆ ದಪ್ಪ ಇದ್ದರೆ ಮತ್ತೆ ಮೂಲೆಯಲ್ಲಿಟ್ಟ ಹಾಗೇ.

ಮೊದಲು ಬದಲಾದದ್ದು ಎಲೆಯ ರೂಪ. ಹಳೆ ಎಲೆಗಳ ತೊಟ್ಟು ಉದ್ದುದ್ದ, ಎಲ್ಲ ಒಂದೇ ಕಡೆ ವಾಲಿದ್ದವು. ಹೊಸ ಎಲೆಗಳು ಗಿಡ್ಡ ತೊಟ್ಟಿನ ಮೇಲೆ ನೆಟ್ಟಗೆ ನಿಂತವು. ಬಣ್ಣ ಮಾತ್ರ ಒಂದು ಚೂರು ತಿಳಿಯಾಯಿತು. ಕಡು ಹಸಿರು ಅಂದರೆ ಆರೋಗ್ಯ ಅಂತ ನಂಬಿದವರಿಗೆ ಇದು ಇಷ್ಟವಾಗುವುದಿಲ್ಲ. ಆದರೆ ಕಡು ಹಸಿರು ಕಡಿಮೆ ಬೆಳಕಿನ ಗುರುತೂ ಹೌದು. ಸಿಕ್ಕಷ್ಟು ಬೆಳಕನ್ನೂ ಹಿಡಿದಿಡಲು ಎಲೆ ಹರಿತ್ತನ್ನು ಜಾಸ್ತಿ ತುಂಬಿಕೊಳ್ಳುತ್ತದೆ. ಈ ಹಂತದಲ್ಲಿ ಹೂವಿಲ್ಲ ಅಂತ ಮತ್ತೆ ಜಾಗ ಬದಲಿಸಲು ಹೋಗಬೇಡಿ. ಗಿಡ ಹೊಸ ಎಲೆಗಳನ್ನು ಕಟ್ಟಿಕೊಂಡು ಮುಗಿಸಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಎಲೆ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರಿ. ಧೂಳು ಕೂತ ಎಲೆಗೆ ಕಿಟಕಿ ಪಕ್ಕವೂ ಅರೆನೆರಳೇ.

ಒಳ್ಳೆ ಕಿಟಕಿ ಇಲ್ಲದವರಿಗೆ ಎಲ್‌ಇಡಿ ಗ್ರೋ ಲೈಟ್ ಇದೆ. ನೇರಳೆ ಬಣ್ಣದ್ದೇ ಬೇಕಿಲ್ಲ, ಬಿಳಿ ಬೆಳಕಿನದೂ ಆಗುತ್ತದೆ, ಕಣ್ಣಿಗೂ ಹಿತ. ಎಲೆಯಿಂದ ಒಂದು ಅಡಿ ಮೇಲೆ ತೂಗುಹಾಕಿ ದಿನಕ್ಕೆ ಹನ್ನೆರಡು ಗಂಟೆ ಉರಿಸಿದರೆ ಸಾಕು. ರಾತ್ರಿಯಿಡೀ ಉರಿಸೋದು ಬೇಡ. ದೀಪ ಚಾವಣಿಯಲ್ಲಿದ್ದರೆ ಅದು ನಮಗೆ ಬೆಳಕು, ಗಿಡಕ್ಕಲ್ಲ.

ಇನ್ನು ಕುಂಡ. ದೊಡ್ಡ ಕುಂಡಕ್ಕೆ ಹಾಕಿದರೆ ಗಿಡ ಖುಷಿಯಾಗಿ ಹೂ ಬಿಡುತ್ತದೆ ಅನ್ನೋದು ನಮ್ಮ ಆಸೆ. ಪೀಸ್ ಲಿಲಿಯ ಲೆಕ್ಕ ಬೇರೆ. ಕುಂಡ ದೊಡ್ಡದಾದಷ್ಟೂ ಅದು ಮೊದಲು ಬೇರು ಬಿಟ್ಟು ಮಣ್ಣು ತುಂಬಿಸಲು ಹೊರಡುತ್ತದೆ. ಬೇರು ತಲುಪದ ಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುವ ಅಪಾಯ ಬೇರೆ. ಬೇರು ಕುಂಡದ ತುಂಬ ಹರಡಿಕೊಂಡು ಸ್ವಲ್ಪ ಬಿಗಿಯಾದಾಗಲೇ ನನ್ನ ಗಿಡ ಚೆನ್ನಾಗಿ ಹೂ ಬಿಟ್ಟಿದೆ. ತೀರಾ ಬಿಗಿಯಾಗಿ, ನೀರು ಹಾಕಿದ ಮಾರನೇ ದಿನವೇ ಎಲೆ ಬಾಡುವಂತಾದರೆ ಆಗ ಬದಲಿಸಿ. ಹೊಸ ಕುಂಡ ಹಳೆಯದಕ್ಕಿಂತ ಎರಡು ಬೆರಳಷ್ಟೇ ಅಗಲ ಇರಲಿ. ಮಣ್ಣು ಹಗುರವಾಗಿರಲಿ. ಕೊಕೊಪೀಟ್, ಪರ್ಲೈಟ್, ಸ್ವಲ್ಪ ಎರೆಗೊಬ್ಬರ, ನಾನು ಹಾಕೋದು ಇಷ್ಟೇ.

ಕುಂಡ ಬದಲಿಸುವಾಗ ಗಿಡವನ್ನು ಒಡೆದು ನಾಲ್ಕಾರು ಕುಂಡ ಮಾಡುವ ಆಸೆ ಬಂದೇ ಬರುತ್ತದೆ. ಹಂಚಲು ಒಳ್ಳೆಯದು, ಹೂವಿಗೆ ಅಲ್ಲ. ಬುಡದಲ್ಲಿ ಒಂದೊಂದು ಮರಿಯೂ ಒಂದಷ್ಟು ಎಲೆ ಬಿಟ್ಟು ಬಲಿತ ಮೇಲೆಯೇ ಹೂ ಬಿಡುವುದು. ಗುಂಪು ತುಂಬಿಕೊಂಡಿದ್ದರೆ ಯಾವುದಾದರೂ ಒಂದು ಮರಿ ಹೂವಿಗೆ ಬಂದಿರುತ್ತದೆ. ಒಡೆದು ಚೂರು ಮಾಡಿದರೆ ಎಲ್ಲವೂ ಮತ್ತೆ ಬೇರಿನಿಂದ ಶುರು. ಹೂ ಬೇಕಾದ ಗಿಡವನ್ನು ನಾನು ಒಡೆಯುವುದಿಲ್ಲ.

ಗೊಬ್ಬರದ ವಿಷಯಕ್ಕೆ ಜನ ಕೊಡುವಷ್ಟು ಮಹತ್ವ ನಾನು ಕೊಡುವುದಿಲ್ಲ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಎಪ್ಸಮ್ ಉಪ್ಪು, ಮೊಟ್ಟೆಚಿಪ್ಪಿನ ಪುಡಿ, ಹೂವಿಗೆಂದೇ ಮಾರುವ ರಂಜಕ ಜಾಸ್ತಿ ಇರುವ ಪುಡಿ. ಮೂಲೆಯಲ್ಲಿದ್ದ ದಿನಗಳಲ್ಲಿ ಇವನ್ನೆಲ್ಲ ಹಾಕಿ ನೋಡಿದ್ದೆ. ಗಿಡ ಕ್ಯಾರೇ ಅನ್ನಲಿಲ್ಲ. ಬೆಳಕಿಲ್ಲದ ಗಿಡ ಬೆಳೆಯುವುದೇ ನಿಧಾನ, ಹಾಕಿದ ಗೊಬ್ಬರವನ್ನು ಬಳಸುವ ತಾಕತ್ತೇ ಅದಕ್ಕೆ ಇರುವುದಿಲ್ಲ. ಉಳಿದದ್ದು ಉಪ್ಪಾಗಿ ಮಣ್ಣಿನಲ್ಲಿ ಕೂತು ಎಲೆಯ ತುದಿ ಸುಡುತ್ತದೆ. ಈಗ ನಾನು ಹಾಕುವುದು ಎಲ್ಲ ಪೋಷಕಾಂಶ ಸಮನಾಗಿರುವ, ನೀರಲ್ಲಿ ಕರಗುವ ಮಾಮೂಲಿ ಗೊಬ್ಬರ. ಪೊಟ್ಟಣದ ಮೇಲೆ ಹೇಳಿದ್ದರ ಕಾಲುಭಾಗ, ತಿಂಗಳಿಗೆ ಒಂದೆರಡು ಸಲ, ಅದೂ ಹೊಸ ಎಲೆ ಬರುವ ಕಾಲದಲ್ಲಿ ಮಾತ್ರ. ಸಾರಜನಕ ಜಾಸ್ತಿಯಾದರೆ ಎಲೆಯೇ ಜಾಸ್ತಿ. ಆಗೊಮ್ಮೆ ಈಗೊಮ್ಮೆ ಬರೀ ನೀರನ್ನು ಧಾರಾಳವಾಗಿ ಸುರಿದು ಕುಂಡದ ತಳದಿಂದ ಹರಿದುಹೋಗಲು ಬಿಡುತ್ತೇನೆ, ಕೂತಿರುವ ಉಪ್ಪು ತೊಳೆದು ಹೋಗಲಿ ಅಂತ.

ನೀರಿನ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಮೇಲಿನ ಒಂದು ಅಂಗುಲ ಮಣ್ಣು ಒಣಗಿದಾಗ ಹಾಕಿ. ಮೊಗ್ಗು ಇರುವಾಗ ಪೂರಾ ಬಾಡಲು ಬಿಡಬೇಡಿ. ಎಲೆ ಮತ್ತೆ ಎದ್ದು ನಿಲ್ಲುತ್ತದೆ, ಎಳೆ ಮೊಗ್ಗು ಕೆಲವೊಮ್ಮೆ ಅಲ್ಲೇ ಕಂದಾಗಿ ನಿಂತುಬಿಡುತ್ತದೆ. ಚಳಿಗಾಳಿ ಹೊಡೆಯುವ ಜಾಗ ಬೇಡ. 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಇದು ಮುದುಡುತ್ತದೆ. ಎಸಿ ಗಾಳಿ ನೇರ ಬೀಳುವುದೂ ಅಷ್ಟೇ ಕೆಟ್ಟದ್ದು.

ಇನ್ನು ಮೊಗ್ಗು. ಮೊದಲ ಸಲ ನೋಡುವವರಿಗೆ ಅದು ಹೊಸ ಎಲೆಯಂತೆಯೇ ಕಾಣುತ್ತದೆ, ಎರಡೂ ಬರುವುದು ಒಂದೇ ಜಾಗದಿಂದ. ಎಲೆಯ ತೊಟ್ಟಿನ ಬುಡ ಒಂದು ತೆಳು ಒರೆಯ ಹಾಗೆ ಅಗಲವಾಗಿ ಸುತ್ತಿಕೊಂಡಿರುತ್ತದೆ. ಹೊಸ ಎಲೆಯಾದರೆ ಅದರೊಳಗಿಂದ ಸುರುಳಿ ಸುತ್ತಿದ ಸೂಜಿಯಂತೆ ಬರುತ್ತದೆ, ಉದ್ದಕ್ಕೂ ಒಂದೇ ದಪ್ಪ. ಮೊಗ್ಗಾದರೆ ಮೊದಲು ಆ ಒರೆಯೇ ಒಂದು ಕಡೆ ಉಬ್ಬುತ್ತದೆ. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಒಳಗೆ ಗಟ್ಟಿಯಾಗಿ ಏನೋ ಸಿಗುತ್ತದೆ. ಆಮೇಲೆ ತಿಳಿ ಹಸಿರಿನ, ತುದಿ ಚೂಪಾದ, ನಡು ಉಬ್ಬಿದ ಒಂದು ಮೊನೆ ಹೊರಗೆ ಬರುತ್ತದೆ. ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಒಳಗಿನ ದಿಂಡಿನ ನೆರಳು ಕಾಣುತ್ತದೆ. ದಂಟು ಎಲೆಗಳ ಮೇಲಕ್ಕೆ ಏರಿದ ಮೇಲೆಯೇ ದಿಂಡನ್ನು ಸುತ್ತಿಕೊಂಡ ಬಿಳಿ ಹಾಳೆ ಬಿಚ್ಚಿಕೊಳ್ಳುವುದು. ಹೊರಬರಲಿ ಅಂತ ಒರೆಯನ್ನು ಉಗುರಿನಿಂದ ಬಿಡಿಸಲು ಹೋಗಬೇಡಿ. ಆ ಆಸೆ ಎಷ್ಟಿರುತ್ತದೆ ಅಂತ ನನಗೆ ಗೊತ್ತು.

ಬಿಳಿಯಾಗಿ ಕಾಣುವುದು ದಳವಲ್ಲ, ರೂಪ ಬದಲಿಸಿದ ಎಲೆ. ನಿಜವಾದ ಹೂಗಳು ನಡುವಿನ ದಿಂಡಿನ ಮೇಲೆ ಸಣ್ಣ ಸಣ್ಣ ಗುಬುಟಿನಂತೆ ಒತ್ತಾಗಿ ಕೂತಿರುತ್ತವೆ. ಮೊದಲು ಹೆಣ್ಣು ಭಾಗ ಬಲಿಯುತ್ತದೆ, ಕೆಲವು ದಿನ ಬಿಟ್ಟು ಪರಾಗ ಹೊರಬೀಳುತ್ತದೆ. ಆಗ ಕೆಳಗಿನ ಎಲೆಗಳ ಮೇಲೆಲ್ಲ ಬಿಳಿ ಹುಡಿ ಉದುರುತ್ತದೆ. ರೋಗ ಬಂತು ಅಂತ ಔಷಧಿ ಹೊಡೆದವರೂ ಇದ್ದಾರೆ! ಸುಮ್ನೆ ಒರೆಸಿದರೆ ಸಾಕು. ಹಾಳೆ ವಾರಗಟ್ಟಲೆ ಬಿಳಿಯಾಗಿದ್ದು ನಿಧಾನಕ್ಕೆ ಹಸಿರಿಗೆ ತಿರುಗುತ್ತದೆ, ಅದು ವಯಸ್ಸಾದ ಲಕ್ಷಣ. ಕಂದಾಗಲು ಶುರುವಾದಾಗ ದಂಟನ್ನು ಬುಡದಲ್ಲೇ ಕತ್ತರಿಸಿ. ಅರ್ಧಕ್ಕೆ ಕತ್ತರಿಸಿದರೆ ಒಣಕಡ್ಡಿ ಉಳಿಯುತ್ತದೆ, ಆ ದಂಟಿನಿಂದ ಮತ್ತೆ ಹೂ ಬರುವುದಿಲ್ಲ. ಕತ್ತರಿಸಿದ ಮೇಲೆ ಕೈ ತೊಳೆದುಕೊಳ್ಳಿ. ಇದೂ ಕೆಸುವಿನ ಕುಟುಂಬದ್ದೇ, ರಸದಲ್ಲಿ ತುರಿಸುವ ಹರಳುಗಳಿವೆ. ಬೆಕ್ಕು ನಾಯಿ ಕಚ್ಚಿದರೆ ಬಾಯಿ ಉರಿ ಖಂಡಿತ.

ನೀವೇ ಯಾಕೆ ಗಿಬ್ಬರೆಲಿಕ್ ಆಮ್ಲ ಹೊಡೆಯಬಾರದು ಅಂತ ಕೇಳುವವರಿದ್ದಾರೆ. ಹೊಡೆಯಬಹುದು, ಪುಡಿ ಸಿಗುತ್ತದೆ. ನನಗೆ ಮನಸ್ಸಿಲ್ಲ. ಪ್ರಮಾಣ ಜಾಸ್ತಿಯಾದರೆ ಹೂ ಸೊಟ್ಟಗಾಗುತ್ತದೆ, ದಂಟು ಉದ್ದವಾಗಿ ಬಾಗುತ್ತದೆ. ಹೇಗೋ ಬಂದ ಹೂ ಮುಗಿದ ಮೇಲೆ ಮೂಲೆಯ ಗಿಡ ಮತ್ತೆ ಮೂಲೆಯ ಗಿಡವೇ.

ಇದೇ ಉಪಾಯ ಮನಿ ಪ್ಲಾಂಟ್‌ಗೆ ಮಾಡಬಹುದಾ ಅನ್ನೋದು ಇನ್ನೊಂದು ಪ್ರಶ್ನೆ. ಅದೂ ಇದೇ ಕುಟುಂಬದ್ದು, ಆದರೆ ಅದರ ಕಥೆ ಬೇರೆ. ಗಿಬ್ಬರೆಲಿನ್ ತಯಾರಿಸುವ ಒಂದು ಜೀನ್ ಅದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಹೂ ಬಿಡುವುದಿಲ್ಲ ಅಂತ 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಹೊರಗಿನಿಂದ ಆ ಹಾರ್ಮೋನು ಕೊಟ್ಟಾಗ ಹೂ ಬಿಟ್ಟಿತು. ಮನೆಯಲ್ಲಿ ಎಷ್ಟೇ ಬೆಳಕು ಕೊಟ್ಟರೂ, ಎಷ್ಟು ವರ್ಷ ಕಾದರೂ ಅದರಲ್ಲಿ ಮೊಗ್ಗು ಕಾಣುವುದಿಲ್ಲ. ಕಿಟಕಿ ಪಕ್ಕ ಇರುವುದು ಒಂದೇ ಜಾಗ ಅಂದರೆ ಅದನ್ನು ಪೀಸ್ ಲಿಲಿಗೇ ಕೊಡಿ. ಮನಿ ಪ್ಲಾಂಟ್ ಸೋಫಾ ಪಕ್ಕಕ್ಕೆ ಹೋಗಲಿ.