ದೊಡ್ಡವರ ಮೈಮೇಲೆ ಗುಳ್ಳೆ ಎದ್ದಾಗ ನಾನು ನೋಡುವ ಬಗೆ

ಸಿಡುಬು (ಸ್ಮಾಲ್ ಪಾಕ್ಸ್) ಈಗ ಇಲ್ಲ. ಸಹಜವಾಗಿ ಅಂಟಿದ ಕೊನೆಯ ಪ್ರಕರಣ 1977ರಲ್ಲಿ ಸೋಮಾಲಿಯಾದಲ್ಲಿ ಕಂಡಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗ ತೊಲಗಿತೆಂದು ಸಾರಿತು. ಆದರೂ ಮೈತುಂಬ ಗುಳ್ಳೆ ಎದ್ದ ದೊಡ್ಡವರು ಬಂದರೆ ನಾನು ಮೊದಲು ತಾಳೆ ನೋಡುವುದು ಸಿಡುಬಿನ ಲಕ್ಷಣಗಳನ್ನೇ. ದೊಡ್ಡವರಿಗೆ ಚಿಕನ್ ಪಾಕ್ಸ್ ಬಂದರೆ ಮಕ್ಕಳಿಗಿಂತ ಜೋರು. ನೋಡಿದವರು ಗಾಬರಿಯಾಗ್ತಾರೆ.

ಮೊದಲು ಜ್ವರದ ವಿಚಾರ. ಗುಳ್ಳೆಗೆ ಮುಂಚೆ ಬಂತೋ, ಜೊತೆಗೇ ಬಂತೋ? ಸಿಡುಬಿನಲ್ಲಿ 2ರಿಂದ 4 ದಿನ ಮುಂಚೆಯೇ ವಿಪರೀತ ಜ್ವರ, ತಲೆನೋವು, ಬೆನ್ನುನೋವು, ಹಾಸಿಗೆ ಬಿಟ್ಟು ಏಳಲಾರದ ಸುಸ್ತು. ದೊಡ್ಡವರ ಚಿಕನ್ ಪಾಕ್ಸ್‌ನಲ್ಲೂ ಒಂದೆರಡು ದಿನ ಮುಂಚೆ ಮೈ ಬಿಸಿಯಾಗಬಹುದು. ಹಾಗಾಗಿ ಇದೊಂದನ್ನೇ ನಾನು ನಂಬುವುದಿಲ್ಲ.

ಆಮೇಲೆ ಅಂಗಿ ಬಿಚ್ಚಿಸುತ್ತೇನೆ. ಬರೀ ಮುಖ ನೋಡಿ ಔಷಧಿ ಬರೆಯುವುದು ನನಗೆ ಒಗ್ಗದು. ಬೆನ್ನಿನ ಮೇಲೆ ಅಂಗೈ ಅಗಲದ ಜಾಗವನ್ನು ನಿಧಾನವಾಗಿ ನೋಡುತ್ತೇನೆ. ಒಂದು ಕೆಂಪು ಚುಕ್ಕೆ, ಪಕ್ಕದಲ್ಲಿ ನೀರು ತುಂಬಿದ ಗುಳ್ಳೆ, ಅದರಾಚೆ ಆಗಲೇ ಹಕ್ಕಳೆ ಕಟ್ಟಿದ್ದು, ಹೀಗೆ ಎಲ್ಲ ಬೆರೆತಿದ್ದರೆ ಅದು ಬಹುತೇಕ ಚಿಕನ್ ಪಾಕ್ಸ್. ಸಿಡುಬಿನಲ್ಲಿ ಒಂದು ಜಾಗದ ಗುಳ್ಳೆಗಳೆಲ್ಲ ಒಂದೇ ಹಂತದಲ್ಲಿರುತ್ತಿದ್ದವು. ಕೀವು ತುಂಬಿದರೆ ಎಲ್ಲದರಲ್ಲೂ ಕೀವು.

ಗ್ಲೌಸ್ ಹಾಕಿ ಮುಟ್ಟಿಯೂ ನೋಡುತ್ತೇನೆ. ಚಿಕನ್ ಪಾಕ್ಸ್ ಗುಳ್ಳೆ ತೆಳು, ಸುಲಭವಾಗಿ ಒಡೆಯುತ್ತದೆ. ಸಿಡುಬಿನದು ಆಳ, ಗಟ್ಟಿ. ಚರ್ಮದಡಿ ಬಟಾಣಿ ಹುದುಗಿಸಿಟ್ಟಂತೆ ಇರುತ್ತಿತ್ತಂತೆ, ಎಷ್ಟೋ ಸಲ ನಡುವೆ ಸಣ್ಣ ಕುಳಿ. ಅದು ಮುಖ, ಕೈಕಾಲುಗಳಲ್ಲಿ ಜಾಸ್ತಿ, ಎದೆ–ಹೊಟ್ಟೆಯಲ್ಲಿ ಕಡಿಮೆ. ಚಿಕನ್ ಪಾಕ್ಸ್ ಉಲ್ಟಾ. ಅಂಗೈ, ಅಂಗಾಲು ನೋಡಲು ಎಷ್ಟೋ ಜನ ಮರೆಯುತ್ತಾರೆ. ಸಾಕ್ಸ್ ತೆಗೆಸಲು ಬೇಜಾರು, ಅಲ್ವಾ? ಆದರೆ ಅಲ್ಲೂ ಗಟ್ಟಿ ಗುಳ್ಳೆ ಇದ್ದರೆ ನಾನು ಕೂಡಲೇ ಎಚ್ಚರವಾಗುತ್ತೇನೆ. ಈಗಿನ ಕಾಲದಲ್ಲಿ ಅದು ಎಂಪಾಕ್ಸ್ (ಮೊದಲು ಮಂಕಿಪಾಕ್ಸ್ ಅನ್ನುತ್ತಿದ್ದ, ಸಿಡುಬಿನ ಜಾತಿಯ ರೋಗ) ಇರಬಹುದು. ಕುತ್ತಿಗೆಯಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಊದಿದ್ದರೆ ಅನುಮಾನ ಇನ್ನೂ ಬಲವಾಗುತ್ತದೆ. ರೋಗಿಗೆ ಮಾಸ್ಕ್ ಹಾಕಿಸಿ ಬೇರೆ ಕೋಣೆಯಲ್ಲಿ ಕೂರಿಸಿ, ಗುಳ್ಳೆಯಿಂದ ಸ್ವಾಬ್ ತೆಗೆದು ಪಿಸಿಆರ್‌ಗೆ ಕಳಿಸುತ್ತೇನೆ.

ಚಿಕನ್ ಪಾಕ್ಸ್ ಅಂತ ಗೊತ್ತಾದರೂ ಸುಮ್ನೆ ಕಳಿಸುವುದಿಲ್ಲ. ವೈರಸ್ ತಡೆಯುವ ಔಷಧಿ ಏಸೈಕ್ಲೋವಿರ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಗುಳ್ಳೆ ಎದ್ದ 24 ಗಂಟೆಯೊಳಗೆ ಶುರುವಾಗಬೇಕು. ಕೆಮ್ಮು, ಏದುಸಿರು ಇದ್ದರೆ ನ್ಯುಮೋನಿಯಾ ಇರಬಹುದು, ಆಸ್ಪತ್ರೆಗೆ ಸೇರಿಸಲೇಬೇಕು. ಮನೆಯಲ್ಲಿ ಗರ್ಭಿಣಿಯರು ಇದ್ದಾರಾ ಅಂತಲೂ ಕೇಳಿಕೊಳ್ಳುತ್ತೇನೆ.