ಪಗಾರ ಬಂದ ದಿನಾನ ಲಕೋಟಿ ತುಂಬ್ರಿ

ಎಲ್ಲಾರಿಗೂ ಪ್ರಭುವಿನ ನಾಮದಾಗ ವಂದನೆ. ನಮ್ಮ ಬೆಟಗೇರಿ ಕಡೆ ಅಕ್ಕಂದಿರಿಗೆ, ಅಣ್ಣಂದಿರಿಗೆ ಒಂದು ಮಾತು. ಮೊದ್ಲು ನಾವು ಖರ್ಚು ಮಾಡಿ ಉಳಿದದ್ರಾಗ ಕಾಣಿಕಿ ಹಾಕ್ತಿದ್ವಿ. ಏನೂ ಉಳೀತಿರಲಿಲ್ಲ, ಮನಸ್ಸಿಗೆ ಭಾಳ ಸಂಕಟ ಆಗ್ತಿತ್ತು. ಈಗ ಪಗಾರ ಬಂದ ದಿನಾನ ಮೊದಲನೇ ಲಕೋಟಿ ದಶಮಾಂಶದ್ದು, ಅಂದ್ರ ಗಳಿಕೆಯ ಹತ್ತರಾಗ ಒಂದು ಪಾಲು ದೇವರಿಗೆ: 18,000 ಬಂದ್ರ 1,800. ಆಮ್ಯಾಲೆ ಸಾಲದ ಕಂತು, ಸಂತಿ, ಸಾಲಿ ಫೀ. ದಿನಗೂಲಿ ಇದ್ದವರು ಐತವಾರಕ್ಕೊಮ್ಮೆ ತೆಗೆದಿಡ್ರಿ. ವಾರದ ಮೊದಲನೇ ದಿನ ಗಳಿಕೆಗೆ ತಕ್ಕಂಗ ಇಡ್ರಿ ಅಂತ ಬೈಬಲ್‌ನಾಗ ಅಪೊಸ್ತಲ ಪೌಲರೂ ಬರದಾರ (1 ಕೊರಿಂಥ 16:2).

ಇನ್ನೊಂದು, ಕ್ರಿಸ್‌ಮಸ್ ಅರಿವಿ-ಬಟ್ಟಿಗೆ ಕೈಸಾಲ ಬ್ಯಾಡ್ರಿ. ನೂರಕ್ಕ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂದ್ರ ವರ್ಷಕ್ಕ 36 ಆತು. ಜೂನ್‌ನಿಂದ ತಿಂಗಳಿಗೆ 500 ಇಡ್ರಿ, ಡಿಸೆಂಬರ್‌ಗೆ 3,500 ಕೈಯಾಗ ಇರ್ತೈತಿ. ನಾನು ಅಕ್ಕಿ ಡಬ್ಬಿ ಹಿಂದ ಇಡ್ತೀನಿ.