ಜೂನ್ 1ರಂದು ಹುಟ್ಟಿದವರು

ಚಿತ್ರದುರ್ಗದ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಪ್ರಾರ್ಥನೆಗೆ ಮುಂಚೆ ಹಲಗೆಯ ಮೇಲೆ ‘ದಿನದ ವಿಶೇಷ’ ಬರೆಯೋದು ನನ್ನ ಕೆಲಸ. ಮೊದಮೊದಲು ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಬರೆಯುತ್ತಿದ್ದೆ. ಹತ್ತು ಹನ್ನೆರಡು ಹೆಸರು, ಮುಂದೆ ಇಸವಿ. ಒಬ್ಬರೂ ನಿಂತು ಓದುತ್ತಿರಲಿಲ್ಲ.

ಒಂದು ಡಿಸೆಂಬರ್ 10ರಂದು ನಾಲ್ಕೇ ಸಾಲು ಬರೆದೆ. ಮೊದಲು ಎಸ್. ನಿಜಲಿಂಗಪ್ಪ. 1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿ, ಚಿತ್ರದುರ್ಗದಲ್ಲಿ ವಕೀಲಿ ಮಾಡಿ, 1956ರಲ್ಲಿ ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು. ಸೀಬಾರದ ಹತ್ತಿರ ಅವರ ಸ್ಮಾರಕವನ್ನು ನಮ್ಮ ಮಕ್ಕಳು ನೋಡಿರುತ್ತಾರೆ. ಕೆಳಗೆ ಮೂರು ಸಾಲು: 1896ರಲ್ಲಿ ಆಲ್ಫ್ರೆಡ್ ನೊಬೆಲ್ ತೀರಿಕೊಂಡದ್ದು, 1930ರಲ್ಲಿ ಸಿ.ವಿ. ರಾಮನ್ ನೊಬೆಲ್ ಬಹುಮಾನ ತೆಗೆದುಕೊಂಡದ್ದು, 1948ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿದ್ದು.

8ನೇ ಕ್ಲಾಸಿನ ಒಬ್ಬ ಹುಡುಗಿ ಬಂದು, “ಸಾರ್, ನೊಬೆಲ್ ಸತ್ತ ದಿನಾನೇ ನೊಬೆಲ್ ಕೊಟ್ರಾ?” ಅಂತ ಕೇಳಿದಳು.

ಹೌದಲ್ವಾ! ಬಹುಮಾನ ಕೊಡೋದಕ್ಕೆ ಬೇಕಂತಲೇ ಆ ದಿನ ಇಟ್ಟುಕೊಂಡಿದ್ದಾರೆ. ನಿಜಲಿಂಗಪ್ಪನವರು ಅವತ್ತೇ ಹುಟ್ಟಿದ್ದು ಮಾತ್ರ ತಾನಾಗಿ ಕೂಡಿಬಂದದ್ದು. ಒಂದೇ ತಾರೀಖು, ಆದರೆ ಎರಡೂ ಒಂದೇ ಥರ ಅಲ್ಲ. ಅವತ್ತಿನಿಂದ ಎರಡು ಬಣ್ಣ ಮಾಡಿಕೊಂಡೆ. ತಾನಾಗಿ ಬಂದ ದಿನಕ್ಕೆ ಬಿಳಿ ಸೀಮೆಸುಣ್ಣ, ಜನ ಗೊತ್ತುಮಾಡಿದ ದಿನಕ್ಕೆ ಹಳದಿ.

ನವೆಂಬರ್ 11 ನಮಗೆ ದೊಡ್ಡ ದಿನ. ಮೌಲಾನಾ ಆಜಾದ್ 1888ರಲ್ಲಿ ಹುಟ್ಟಿದ ದಿನ, ಬಿಳಿ. ಅದೇ ಕಾರಣಕ್ಕೆ ಬಂದ ರಾಷ್ಟ್ರೀಯ ಶಿಕ್ಷಣ ದಿನ, ಹಳದಿ. ಒನಕೆ ಓಬವ್ವ ಜಯಂತಿಯೂ ಹಳದಿಯೇ. 2021ರಿಂದ ಸರ್ಕಾರ ಆ ದಿನ ಆಚರಿಸುತ್ತಿದೆ. “ಓಬವ್ವ ಅವತ್ತು ಹುಟ್ಟಲಿಲ್ವಾ ಸಾರ್?” ಅಂದರೆ, ಕೋಟೆ ಕಾಯುವವನ ಹೆಂಡತಿ ಹುಟ್ಟಿದ ದಿನವನ್ನು ಆ ಕಾಲದಲ್ಲಿ ಯಾರಪ್ಪಾ ಬರೆದಿಡುತ್ತಿದ್ದರು ಅಂತೀನಿ. ಹೈದರಾಲಿಯ ಸೈನಿಕರು ನುಸುಳಿದ ಕಿಂಡಿಯನ್ನಂತೂ ಮಕ್ಕಳು ತಾವೇ ಬಗ್ಗಿ ನೋಡಿ ಬಂದಿದ್ದಾರೆ.

ಬರೆದಿಡೋದಕ್ಕೆ ಒಂದು ಹಳೇ ಡೈರಿ ಇದೆ. ದಿನಕ್ಕೊಂದು ಪುಟ. ಫೆಬ್ರವರಿ 29 ಅದರಲ್ಲಿ ಇರಲಿಲ್ಲ, ಮೊರಾರ್ಜಿ ದೇಸಾಯಿ ಅವರಿಗಾಗಿ ಒಂದು ಹಾಳೆ ಅಂಟಿಸಿದೆ. ಎರಡು ಪುಸ್ತಕದಲ್ಲಿ ಒಂದೇ ಥರ ಇದ್ದರೆ ಮಾತ್ರ ಡೈರಿಗೆ. ವಿಶ್ವೇಶ್ವರಯ್ಯನವರು ಹುಟ್ಟಿದ ಇಸವಿ ಕೆಲವರಿಗೆ 1860, ಕೆಲವರಿಗೆ 1861. ಹಾಗಾಗಿ ಸೆಪ್ಟೆಂಬರ್ 15 ಅಂತಷ್ಟೇ ಬರೆಯುತ್ತೇನೆ. ಬಸವ ಜಯಂತಿ, ವಾಲ್ಮೀಕಿ ಜಯಂತಿ ತಿಥಿಯ ಮೇಲೆ ಬರುವುದರಿಂದ ಅವಕ್ಕೆ ಡೈರಿಯ ಕೊನೆಯಲ್ಲಿ ಬೇರೆ ಪುಟ.

ಮಕ್ಕಳ ಹುಟ್ಟಿದ ದಿನವನ್ನೂ ಸೇರಿಸಿದೆ. ಒಂದು ಕ್ಲಾಸಿನಲ್ಲಿ 23 ಜನ ಇದ್ದರೆ ಸಾಕು, ಇಬ್ಬರದು ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಅಂತ ಗಣಿತದ ಮೇಡಂ ಲೆಕ್ಕ ಹಾಕಿ ತೋರಿಸಿದರು. ಮಕ್ಕಳು ನಂಬಲಿಲ್ಲ. ರಿಜಿಸ್ಟರ್ ತೆಗೆದರೆ ಎರಡು ಜೋಡಿ ಸಿಕ್ಕವು. ಆ ಖುಷಿಯಲ್ಲಿ, ಮನೆಯ ದೊಡ್ಡವರ ತಾರೀಖನ್ನೂ ಬರೆದು ತನ್ನಿ ಅಂದೆ.

ಅಪ್ಪಂದು ಜೂನ್ 1. ದೊಡ್ಡಪ್ಪಂದು ಜೂನ್ 1. ಸೋದರಮಾವಂದು, ಅತ್ತೇದು, ಪಕ್ಕದ ಮನೆ ತಾತಂದೂ ಜೂನ್ 1. ಡೈರಿಯ ಆ ಪುಟ ತುಂಬಿ ಅಂಚಿನಲ್ಲೂ ಬರೆಯಬೇಕಾಯಿತು. ಮಕ್ಕಳಿಗೆ ಆಶ್ಚರ್ಯ, ನನಗೆ ಗೊತ್ತಿದ್ದದ್ದೇ. ನಮ್ಮಪ್ಪಂದೂ ಅದೇ ತಾರೀಖು. ಮಗನನ್ನು ಶಾಲೆಗೆ ಸೇರಿಸಲು ಬಂದವರಿಗೆ ತಾರೀಖು ಗೊತ್ತಿರುತ್ತಿರಲಿಲ್ಲ. ಮೇಷ್ಟ್ರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸು ಆಯಿತು ಅಂತ ಲೆಕ್ಕ. ಶಾಲೆ ಶುರುವಾಗುವ ಹೊತ್ತಿಗೆ ಸರಿಹೋಗಲಿ ಅಂತ ಜೂನ್ 1 ಬರೆದುಬಿಡುತ್ತಿದ್ದರು.

ಆ ಪುಟದಲ್ಲಿ ಹೆಲೆನ್ ಕೆಲರ್ 1968ರಲ್ಲಿ ತೀರಿಕೊಂಡದ್ದು ಬಿಳಿ. ವಿಶ್ವ ಹಾಲು ದಿನ ಹಳದಿ. ನಮ್ಮ ಹಿರಿಯರೆಲ್ಲ ಹಳದಿ. ಇದು ನನಗೆ ತುಂಬ ಕಾಡಿತು. ನಿಜವಾಗಿ ಯಾವಾಗ ಹುಟ್ಟಿದರು ಅಂತ ಮನೇಲಿ ಕೇಳಿಕೊಂಡು ಬನ್ನಿ ಅಂದೆ.

9ನೇ ಕ್ಲಾಸಿನ ಒಬ್ಬ ಹುಡುಗ ಅಜ್ಜಿಯನ್ನೇ ಕರೆದುಕೊಂಡು ಬಂದ. ಅಜ್ಜಿ ಹಲಗೆಯ ಮುಂದೆ ನಿಂತು ಹೇಳಿತು: “ನನ್ನ ಮಗ ಹುಟ್ಟಿದ್ದು ಹಟ್ಟಿ ತೇರಿನ ಮಾರನೇ ದಿನ ಮೇಷ್ಟ್ರೇ. ತೇರಿಗೆ ಬಂದಿದ್ದ ನೆಂಟರೆಲ್ಲ ಇನ್ನೂ ಮನೇಲೇ ಇದ್ರು.”

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ಫಾಲ್ಗುಣದಲ್ಲಿ, ಚಿತ್ತಾ ನಕ್ಷತ್ರದ ದಿನ. ತಾರೀಖು ವರ್ಷವರ್ಷವೂ ಬೇರೆ. ಹಾಗಾಗಿ ಬಸವ ಜಯಂತಿ ಇರುವ ಕೊನೆಯ ಪುಟದಲ್ಲೇ ಅವನ ಅಪ್ಪನ ಹೆಸರನ್ನೂ ಬರೆದುಕೊಂಡೆ.

ಮುಂದಿನ ಸಲ ತೇರಿನ ಮಾರನೇ ಬೆಳಿಗ್ಗೆ ಆ ಹುಡುಗ ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದ. ಹೆಸರು ತಾನೇ ಬರೀತೀನಿ ಅಂದ. ಡಬ್ಬಿ ಕೊಟ್ಟೆ. ಹುಡುಕಿ ಬಿಳಿ ಸೀಮೆಸುಣ್ಣ ತೆಗೆದುಕೊಂಡ.